ಕಂಡದ್ದಾ, ಕೇಳಿದ್ದಾ?

ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ‘ಸುಳ್ಯ’ ಎಂದು ದೊಡ್ಡಕ್ಷರದ ಬೋರ್ಡು ಹಾಕಿಕೊಂಡು ನಿಂತ ಬಸ್ಸಿಗೆ ಹತ್ತುವ ಮೊದಲು ಮೂರು ಜನರನ್ನು ವಿಚಾರಿಸುವ ಮನುಷ್ಯನನ್ನು ನಾನು ನೋಡಿದ್ದೇನೆ. ಮೊದಲು ಕಂಡಕ್ಟರು, ಆಮೇಲೆ ಡ್ರೈವರು, ಕೊನೆಗೆ ಒಳಗೆ ಕೂತ ಯಾರಾದರೂ ಹೆಂಗಸು. ‘ಇದು ಸುಳ್ಯಕ್ಕೆ ಹೋಗ್ತದಾ?’ ಮೂವರೂ ಹೌದೆಂದರೆ ಹತ್ತಿ, ಬಾಗಿಲ ಪಕ್ಕದ ಸೀಟಿನಲ್ಲೇ ಕೂರುತ್ತಿದ್ದರು. ಬಸ್ಸು ಬೇರೆ ದಾರಿ ಹಿಡಿದರೆ ಬೇಗ ಇಳಿಯಬಹುದಲ್ಲ! ವಾರಕ್ಕೊಮ್ಮೆಯಂತೆ ಎಂಟು ವರ್ಷ ಅವರು ಅದೇ ಬಸ್ಸಿನಲ್ಲಿ ಊರಿಗೆ ಹೋಗಿ ಬಂದವರು.

ಅವರು ಹೋದ ತಿಂಗಳು ತೀರಿಕೊಂಡರು. ಕಲ್ಲುಗುಂಡಿಯ ಪರಿಚಯದವರೊಬ್ಬರು ಪೇಟೆಯಲ್ಲಿ ಸಿಕ್ಕಿ ಈ ಸುದ್ದಿ ಹೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, ‘ನೀವು ಕಂಡದ್ದಾ, ಕೇಳಿದ್ದಾ?’ ಎಂದು. ಪಾಪ, ಅವರು ನನ್ನ ಮುಖವನ್ನೇ ನೋಡಿದರು. ಸಾವಿನ ಸುದ್ದಿಗೆ ಯಾರಾದರೂ ಹಾಗೆ ಕೇಳುತ್ತಾರೆಯೇ? ಆದರೆ ಆ ಮಾತು ನನ್ನದಲ್ಲ, ಸತ್ತವರದ್ದು. ಎಂಟು ವರ್ಷ ಅವರ ಜತೆ ಕೆಲಸ ಮಾಡಿದ ಮೇಲೆ ಅದು ನನ್ನ ನಾಲಗೆಗೂ ಅಂಟಿಕೊಂಡಿತ್ತು.

ಅವರ ಹೆಸರು ಬರೆಯುವುದಿಲ್ಲ. ಯಾಕೆ ಎಂಬುದು ಕೊನೆಗೆ ಗೊತ್ತಾಗುತ್ತದೆ. ವರ್ಕ್‌ಶಾಪಿನಲ್ಲಿ ನಾವೆಲ್ಲ ಅವರನ್ನು ಗೌಡ್ರು ಎನ್ನುತ್ತಿದ್ದೆವು. ಅವರ ಊರಾದ ಆಲೆಟ್ಟಿಯಲ್ಲಿ ಯಾವ ಅಂಗಳಕ್ಕೆ ಹೋಗಿ ‘ಗೌಡ್ರೇ’ ಎಂದು ಕರೆದರೂ ಒಳಗಿನಿಂದ ಒಬ್ಬರು ‘ಓ’ ಎನ್ನುತ್ತಾರೆ, ಹಾಗಾಗಿ ಗುಟ್ಟೇನೂ ಬಿಟ್ಟುಕೊಟ್ಟಂತಾಗಲಿಲ್ಲ.

ಪುತ್ತೂರಿನ ದರ್ಬೆಯ ಹತ್ತಿರ ನಮ್ಮ ವರ್ಕ್‌ಶಾಪು. ಅಡಿಕೆಗೆ ಮದ್ದು ಬಿಡುವ ಪಂಪುಗಳ ಹಿತ್ತಾಳೆ ಬಿಡಿಭಾಗಗಳು, ರಬ್ಬರು ಶೀಟು ಒತ್ತುವ ರೋಲರುಗಳು ನಮ್ಮ ಮುಖ್ಯ ಕಸುಬು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಅಲ್ಲಿ ಲೋಹ ಕೆತ್ತುವ ಲೇತಿನ ಕೆಲಸಕ್ಕೆ ಸೇರಿದೆ. ಗೌಡ್ರು ನನಗಿಂತ ಒಂದೆರಡು ತಿಂಗಳು ಮೊದಲು ಬಂದಿದ್ದರು. ಪಟ್ಟಾಳದಲ್ಲಿ ಸೈನಿಕರ ರೇಡಿಯೋ ರಿಪೇರಿ ಮಾಡಿ, ಪಿಂಚಣಿ ಪಡೆದು ಬಂದ ಮನುಷ್ಯ. ಶಾಪಿನ ಕರೆಂಟಿನ ಕೆಲಸವೆಲ್ಲ ಅವರದ್ದು.

ಸತ್ತ ವಯರೊಂದನ್ನು ಮುಟ್ಟಲು ಅವರಿಗೆ ಐದು ನಿಮಿಷ ಬೇಕು. ಮೊದಲು ಟೆಸ್ಟರನ್ನು ಕರೆಂಟು ಇರುವ ಪ್ಲಗ್ಗಿಗೆ ಹಾಕುವರು. ಅದರ ದೀಪ ಹತ್ತಿದರೆ ಟೆಸ್ಟರು ಸರಿ ಇದೆ ಎಂದಾಯಿತು. ಆಮೇಲೆ ಸತ್ತ ವಯರಿಗೆ ಹಾಕುವರು. ಆಮೇಲೆ ಪುನಃ ಪ್ಲಗ್ಗಿಗೆ.

‘ಒಮ್ಮೆ ನೋಡಿ ಆಯಿತಲ್ಲ ಗೌಡ್ರೇ, ಮತ್ತೆ ಎಂತಕ್ಕೆ?’ ಎಂದು ನಾನೊಮ್ಮೆ ಕೇಳಿದೆ.

‘ನಡುವಿನಲ್ಲಿ ಟೆಸ್ಟರೇ ಸತ್ತರೆ? ವಯರು ಸತ್ತದ್ದಾ ಟೆಸ್ಟರು ಸತ್ತದ್ದಾ ನಿನಗೆ ಹೇಳುದು ಯಾರು?’

ಇಷ್ಟೆಲ್ಲ ಆದ ಮೇಲೂ ಒಂದೇ ಕೈಯಲ್ಲಿ ಕೆಲಸ. ಎಡಗೈ ಸೊಂಟದ ಹಿಂದೆ ಹೋಗಿಬಿಡುತ್ತಿತ್ತು. ಎರಡೂ ಕೈ ತಾಗಿದರೆ ಕರೆಂಟು ಎದೆಯ ಮೂಲಕ ಹೋಗುತ್ತದೆ, ಒಂದೇ ಆದರೆ ಬದುಕಿ ಉಳಿಯಬಹುದು ಎಂಬುದು ಪಟ್ಟಾಳದಲ್ಲಿ ಕಲಿತ ಪಾಠ. ಅದೇ ಅಭ್ಯಾಸವಾಗಿ ಮದುವೆಮನೆಯಲ್ಲೂ, ಫೋಟೋ ತೆಗೆಯುವಾಗಲೂ ಹಾಗೆಯೇ ನಿಲ್ಲುತ್ತಿದ್ದರು. ಬೆನ್ನ ಹಿಂದೆ ಏನನ್ನೋ ಬಚ್ಚಿಟ್ಟುಕೊಂಡ ಹಾಗೆ ಕಾಣುತ್ತಿತ್ತು.

ಹೆಣ್ಣು ನೋಡಲು ಹೋದಾಗ ಗೌಡ್ರು ‘ಇದೇ ಹುಡುಗಿಯಾ?’ ಎಂದು ಎರಡು ಸಲ ಕೇಳಿದ್ದರಂತೆ ಎಂದು ಶಾಪಿನಲ್ಲಿ ನಗುತ್ತಿದ್ದರು. ಅದು ಒಂದು ದಿನ ಅವರ ಕಿವಿಗೇ ಬಿತ್ತು. ಸಿಟ್ಟಾಗಲಿಲ್ಲ.

‘ಕೇಳಿದ್ದು ಹೌದು. ಅವಳ ತಂಗಿಯೂ ಹಾಗೇ ಇದ್ದಳು,’ ಎಂದರು.

ನನಗೆ ಅವರೆಂದರೆ ಪ್ರೀತಿ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿಕೆ ಇತ್ತು. ‘ಎಣ್ಣೆ ಹಾಕಿದ್ದೇನೆ’ ಎಂದರೆ ಬೆರಳಿಟ್ಟು ನೋಡುವರು. ‘ಸ್ವಿಚ್ಚು ತೆಗೆದಿದ್ದೇನೆ’ ಎಂದರೆ ಎದ್ದು ಹೋಗಿ ನೋಡಿ ಬರುವರು. ದಿನಕ್ಕೆ ಹತ್ತು ಸಲ ನಂಬಿಕೆಗೆ ಅರ್ಹನಲ್ಲ ಎನ್ನಿಸಿಕೊಂಡು ಬದುಕುವುದು ಸುಲಭವಲ್ಲ. ಅವರು ಎಲ್ಲರಿಗೂ ಹಾಗೇ, ಧಣಿಗಳಿಗೂ ಹಾಗೇ ಎಂಬುದನ್ನು ನಾನು ಆಗ ಗಮನಿಸಲಿಲ್ಲ. ನನಗೆ ಮಾತ್ರ ಎಂದುಕೊಂಡಿದ್ದೆ.

ಹಾಗೆ ಎಂದುಕೊಳ್ಳಲು ಕಾರಣ ಇತ್ತು. ನಮ್ಮವರು ಕೇರಳದಿಂದ ಬಂದು ನೆಲ್ಯಾಡಿಯ ಆಚೆ ಗುಡ್ಡದಲ್ಲಿ ರಬ್ಬರು ಹಾಕಿದವರು. ಮನೆಯಲ್ಲಿ ಮಲಯಾಳ, ಆದಿತ್ಯವಾರ ಇಗರ್ಜಿ. ಶಾಪಿನಲ್ಲಿ ಕ್ರಿಸ್ತನನ್ನು ನಂಬುವವನು ನಾನೊಬ್ಬನೇ. ಯಾರೂ ಕೆಟ್ಟದ್ದಾಗಿ ಮಾತಾಡಿದವರಲ್ಲ. ಆದರೆ ಏನಾದರೂ ಕಳೆದುಹೋದಾಗ ಎಲ್ಲರ ಕಣ್ಣು ಒಂದು ಸುತ್ತು ತಿರುಗಿ ನನ್ನ ಹತ್ತಿರ ಒಂದು ಕ್ಷಣ ಹೆಚ್ಚು ನಿಲ್ಲುತ್ತಿತ್ತೋ ಏನೋ. ಇದು ಕಂಡದ್ದಾ ಎಂದು ಗೌಡ್ರು ಕೇಳಿದ್ದರೆ ನನ್ನಲ್ಲಿ ಉತ್ತರ ಇರಲಿಲ್ಲ.

ಎಂಬತ್ತರ ದಶಕ ಅರ್ಧ ಕಳೆಯುವಾಗ ಧಣಿಗಳು ಬೆಂಗಳೂರಿನ ಯಾವುದೋ ಕಾರ್ಖಾನೆ ಬೇಡವೆಂದು ಬಿಟ್ಟ ಒಂದು ಸಿ.ಎನ್.ಸಿ. ಲೇತನ್ನು ಲಾರಿಯಲ್ಲಿ ತರಿಸಿದರು. ಕೈಯಲ್ಲಿ ಚಕ್ರ ತಿರುಗಿಸುವುದಿಲ್ಲ, ಅಂಕಿ ಅಕ್ಷರಗಳಲ್ಲಿ ಬರೆದು ಕೊಟ್ಟರೆ ತಾನೇ ಓದಿಕೊಂಡು ಕೆತ್ತುತ್ತದೆ. ಅದರ ತಲೆಯ ಮೇಲೆ ಟೀವಿಯಂಥ ಒಂದು ಪೆಟ್ಟಿಗೆ. ಉಳಿ ಎಲ್ಲಿದೆ, ಎಷ್ಟು ಕೆತ್ತಿದೆ, ಎಲ್ಲವೂ ಅದರ ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಬರುತ್ತದೆ. ಹಳೆಯದಾದರೇನು, ಪುತ್ತೂರಿನಲ್ಲಿ ಅಂಥದ್ದನ್ನು ಯಾರೂ ನೋಡಿರಲಿಲ್ಲ. ಧಣಿಗಳು ನನ್ನನ್ನು ಒಂದು ತಿಂಗಳು ತರಬೇತಿಗೆ ಕಳಿಸಿ ಅದನ್ನು ನನಗೆ ಒಪ್ಪಿಸಿದರು. ಮಳೆಗಾಲದಲ್ಲಿ ಅದರ ವಯರು ಬೋರ್ಡುಗಳಿರುವ ಕಪಾಟಿನೊಳಗೆ ಥಂಡಿ ಆಗದ ಹಾಗೆ ಒಂದು ಬಲ್ಬು ಉರಿಸಿಡುವುದು, ಬೆಳಿಗ್ಗೆ ಒಣ ಬಟ್ಟೆಯಲ್ಲಿ ಒರೆಸುವುದು, ಎಲ್ಲ ನಾನೇ. ಕಪಾಟಿನ ಬೀಗದ ಕೈ ನನ್ನ ಸೊಂಟದಲ್ಲಿ. ನನಗೆ ಇಪ್ಪತ್ತೇಳು ವರ್ಷ, ಜಂಬವೋ ಜಂಬ.

ಆ ವರ್ಷದ ಆಯುಧಪೂಜೆ ಬಂತು. ಎಲ್ಲ ಮೆಷಿನುಗಳನ್ನೂ ತೊಳೆದು ಒರೆಸಿ, ಗಂಧ ಕುಂಕುಮ ಹಚ್ಚಿ, ಒಂದೊಂದಕ್ಕೂ ಒಂದು ಹಿಡಿ ಹಿಂಗಾರ ಇಡುವುದು ನಮ್ಮಲ್ಲಿ ಕ್ರಮ. ಹಿಂಗಾರ ಎಂದರೆ ಅಡಿಕೆಯ ಹೂ, ಹಾಳೆ ಸೀಳಿದರೆ ಅಕ್ಕಿ ಕಾಳಿನಂಥ ಬಿಳಿ ಮೊಗ್ಗುಗಳು ಸುರಿಯುತ್ತವೆ. ಗೌಡ್ರು ಮುಂಚಿನ ದಿನವೇ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದರು.

‘ಆ ಟೀವಿ ಪೆಟ್ಟಿಗೆಯ ಮೇಲೆ ಮಾತ್ರ ಎಂತದೂ ಇಡ್ಲಿಕ್ಕಿಲ್ಲ. ಮೇಲೆ ಕಿಂಡಿ ಉಂಟು. ಕುಂಕುಮ ಬೇಕಾದರೆ ಮೆಷಿನಿನ ಕಾಲಿಗೆ ಹಚ್ಚಿ.’

ಭಟ್ಟರು ತೀರ್ಥ ಚಿಮುಕಿಸಿ, ಮಂಗಳಾರತಿ ಆಗಿ, ಎಲ್ಲರೂ ಪಂಚಕಜ್ಜಾಯಕ್ಕೆ ಆಫೀಸಿನ ಕಡೆಗೆ ಹೋದರು. ನಾನು ಹಿಂದೆ ಉಳಿದೆ. ಡ್ರಿಲ್ಲಿಂಗ್ ಮೆಷಿನಿಗೂ ಹೂ ಇತ್ತು, ಮೂಲೆಯ ಗ್ರೈಂಡರಿಗೂ ಇತ್ತು. ನನ್ನ ಮೆಷಿನಿನ ತಲೆ ಮಾತ್ರ ಬೋಳು. ನನ್ನದು ಎಂಬ ಕಾರಣಕ್ಕೇ ಅದಕ್ಕೆ ಹೂ ಇಲ್ಲವೇನೋ ಎಂದು ಮನಸ್ಸಿಗೆ ಬಂತು. ನಮ್ಮ ಮನೆಯಲ್ಲಿ ಆಯುಧಪೂಜೆ ಇಲ್ಲ, ಆದರೂ ತಡೆಯಲಾಗಲಿಲ್ಲ. ಉಳಿದಿದ್ದ ಹಿಂಗಾರವನ್ನು, ತೀರ್ಥದಲ್ಲಿ ನೆನೆದದ್ದನ್ನು, ಎತ್ತಿ ಪೆಟ್ಟಿಗೆಯ ಮೇಲೆ ಇಟ್ಟೆ. ಚಂದ ಕಂಡಿತು. ಮರುದಿನ ರಜೆ. ಅದರ ಮರುದಿನ ಎಲ್ಲರಿಗಿಂತ ಮೊದಲು ಬಂದು, ಬಾಡಿದ ಹೂವನ್ನು ತೆಗೆದು ಹೊರಗೆ ಎಸೆದು, ಮೆಷಿನು ಚಾಲು ಮಾಡಿದೆ.

ಫ್ಯಾನು ತಿರುಗಿತು, ದೀಪಗಳು ಹತ್ತಿದವು, ಪರದೆ ಮಾತ್ರ ಕಪ್ಪು. ಒಂದು ಚುಕ್ಕೆಯೂ ಇಲ್ಲ.

ಹತ್ತು ಗಂಟೆಯೊಳಗೆ ಶಾಪೆಲ್ಲ ಅದರ ಸುತ್ತ ಸೇರಿತ್ತು. ಆಗ ಧಣಿಗಳ ಭಾವನವರು ಮಾತು ತೆಗೆದರು. ಶಾಪಿನ ಮ್ಯಾನೇಜರು ಅವರೇ. ಮಂಗಳೂರಿನ ಒಂದು ಶಾಪಿನವರು ಆ ತಿಂಗಳು ನನ್ನನ್ನು ಕೆಲಸಕ್ಕೆ ಕರೆದಿದ್ದರು, ನಾನು ಹೋಗಿರಲಿಲ್ಲ. ಆ ಸಂಗತಿ ಅವರಿಗೆ ಗೊತ್ತಿತ್ತು.

‘ಬೀಗದ ಕೈ ಇರುದು ಒಬ್ಬನ ಹತ್ತಿರ,’ ಎಂದರು ಭಾವನವರು, ನನ್ನನ್ನು ನೋಡದೆ. ‘ಪೂಜೆ ಆದ ಮೇಲೆ ಇಲ್ಲಿ ಹಿಂದೆ ಉಳಿದದ್ದೂ ಒಬ್ಬನೇ. ಬಿಟ್ಟು ಹೋಗುವವ ಸುಮ್ಮನೆ ಹೋಗ್ತಾನಾ? ಮತ್ತೆ ಅವರಿಗೆ ನಮ್ಮ ಪೂಜೆ ಎಲ್ಲ ಎಂತದು...’

ಮಾತು ಮುಗಿಸಲಿಲ್ಲ, ಮುಗಿಸುವ ಅಗತ್ಯ ಇರಲಿಲ್ಲ. ಬೇಕೆಂದೇ ಮೆಷಿನು ಕೆಡಿಸಿದವನು ಎಂಬ ಹೆಸರು ಒಮ್ಮೆ ಬಂದರೆ ಪುತ್ತೂರಿನಲ್ಲಿರಲಿ ಮಂಗಳೂರಿನಲ್ಲೂ ಯಾರೂ ನನ್ನನ್ನು ಲೇತಿನ ಹತ್ತಿರ ಬಿಡುವುದಿಲ್ಲ. ಅದರ ಮೇಲೆ ಪೂಜೆಯ ದಿನ ಕೆಡಿಸಿದವನು ಎಂದರೆ, ನನ್ನೊಬ್ಬನ ಹೆಸರಿಗೆ ಅದು ನಿಲ್ಲುವುದೂ ಇಲ್ಲ.

ಧಣಿಗಳು ಗೌಡ್ರ ಕಡೆ ತಿರುಗಿದರು. ‘ನಿಮಗೆ ಯಾರ ಮೇಲೆ ಸಂಶಯ ಗೌಡ್ರೇ?’

‘ಎಲ್ಲರ ಮೇಲೂ,’ ಎಂದರು ಗೌಡ್ರು. ‘ಇವನ ಮೇಲೆ ಉಂಟು. ನಿಮ್ಮ ಭಾವನವರ ಮೇಲೆ ಉಂಟು. ನನ್ನ ಮೇಲೂ ಉಂಟು. ಮೊದಲು ಮೆಷಿನನ್ನು ಕೇಳುವ.’

ಎಲ್ಲರನ್ನೂ ದೂರ ಕಳಿಸಿ ನನ್ನನ್ನು ಮಾತ್ರ ಇಟ್ಟುಕೊಂಡರು. ಅದು ಸಹಾಯಕ್ಕೋ ಕಾವಲಿಗೋ ಗೊತ್ತಾಗಲಿಲ್ಲ. ಸ್ಕ್ರೂ ಬಿಚ್ಚುವ ಮೊದಲೇ ಕೇಳಿದರು.

‘ಇದರ ಮೇಲೆ ಯಾರಾದರೂ ಎಂತಾದರೂ ಇಟ್ಟಿದ್ದಾರಾ?’

‘ಇಲ್ಲ,’ ಎಂದೆ.

‘ನೀನು ಕಂಡದ್ದಾ, ಕೇಳಿದ್ದಾ?’

‘ಕಂಡದ್ದು,’ ಎಂದೆ. ಆ ಸುಳ್ಳು ಈಗಲೂ ಬಾಯಲ್ಲಿ ಕಹಿ.

ಮೊದಲು ಅವರು ಪರದೆಯ ಗೊಡವೆಗೇ ಹೋಗಲಿಲ್ಲ. ‘ಉಳಿಯನ್ನು ಸ್ವಲ್ಪ ಈಚೆ ತಾ,’ ಎಂದರು. ಕುರುಡಾಗಿಯೇ ಗುಂಡಿ ಒತ್ತಿದೆ. ಉಳಿ ಹೇಳಿದಷ್ಟು ಸರಿದು ನಿಂತಿತು. ‘ಹಾಗಾದರೆ ಮಿದುಳು ಸರಿ ಉಂಟು, ಕಣ್ಣು ಮಾತ್ರ ಹೋದದ್ದು,’ ಎಂದರು. ಪೆಟ್ಟಿಗೆಯ ಹಿಂದಿನ ಬೆಳಕಿನ ತಿರುಪನ್ನು ಎರಡೂ ಕಡೆ ತಿರುಗಿಸಿದರು. ಏನೂ ಇಲ್ಲ. ಕಪಾಟಿನಿಂದ ಬರುವ ಕೇಬಲ್ಲನ್ನು ಬಿಚ್ಚಿ, ಅದರ ಹಲ್ಲುಗಳಲ್ಲಿ ಮಳೆಗಾಲದ ಹಸಿರು ಕಿಲುಬು ಹಿಡಿದದ್ದನ್ನು ರಬ್ಬರಿನಿಂದ ಉಜ್ಜಿ ಪುನಃ ಹಾಕಿದರು. ಏನೂ ಇಲ್ಲ. ಆಮೇಲೆ ಮುಂಗೈಯನ್ನು ಕಪ್ಪು ಗಾಜಿನ ಹತ್ತಿರ ಹಿಡಿದರು. ಪರದೆಗೆ ಜೀವ ಇದ್ದರೆ ಕೈಯ ರೋಮ ನಿಮಿರುತ್ತದೆ. ನಿಮಿರಲಿಲ್ಲ.

ಕರೆಂಟು ತೆಗೆದು, ತೆಗೆದದ್ದು ಹೌದಾ ಎಂದು ಮೂರು ಸಲ ನೋಡಿ, ಒಂದು ವೀಳ್ಯ ಮೆಲ್ಲುವಷ್ಟು ಹೊತ್ತು ಕಾದರು. ಪರದೆಯೊಳಗೆ ಕರೆಂಟು ಅಡಗಿ ಕೂತಿರುತ್ತದಂತೆ. ಆಮೇಲೆ ಮುಚ್ಚಳ ಬಿಚ್ಚಿ, ಆ ಕರೆಂಟನ್ನು ಉದ್ದದ ಸ್ಕ್ರೂಡ್ರೈವರಿನಿಂದ ತಗಡಿಗೆ ಇಳಿಸಿಬಿಟ್ಟರು. ಮುಚ್ಚಳದ್ದು ಹನ್ನೊಂದು ಸ್ಕ್ರೂ. ನನ್ನಿಂದ ಎಣಿಕೆ ಮಾಡಿಸಿದರು, ತಾವೂ ಎಣಿಸಿದರು. ಒಳಗೆ ಫ್ಯೂಸು ಹೋಗಿತ್ತು.

‘ಫ್ಯೂಸು ಹಾಕಿದರೆ ಆಯಿತಲ್ಲ,’ ಎಂದೆ ಆಸೆಯಿಂದ.

‘ಫ್ಯೂಸು ತಾನಾಗಿ ಸಾಯುದಿಲ್ಲ ಮಾರಾಯ. ಎಂತದೋ ಕೊಂದಿರ್ತದೆ.’

ಎಡಗೈ ಬೆನ್ನ ಹಿಂದೆ ಹೋಯಿತು. ಬಲಗೈಯಲ್ಲಿ ಬ್ಯಾಟರಿ ದೀಪದ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಬ್ಯಾಟರಿಯನ್ನು ನನ್ನ ಕೈಗೆ ಕೊಟ್ಟು, ಇಕ್ಕುಳ ಹಾಕಿ ತಳದ ಬೋರ್ಡಿನಿಂದ ಏನನ್ನೋ ಎತ್ತಿದರು. ಕರಿಕಾದ ಒಂದು ಕಾಳು. ಇನ್ನೊಂದು. ಮೂರನೆಯದು ಅರ್ಧ ಸುಟ್ಟಿತ್ತು, ಉಳಿದರ್ಧ ಬೆಳ್ಳಗೆ ಇತ್ತು. ಆರೇಳು ಹಿಂಗಾರದ ಮೊಗ್ಗುಗಳು ಅವರ ಅಂಗೈಯಲ್ಲಿ ಕೂತವು. ಒದ್ದೆ ಮೊಗ್ಗುಗಳು ಕಿಂಡಿಯಿಂದ ಜಾರಿ, ಕರೆಂಟು ಬರುವಲ್ಲೇ ಬಿದ್ದು ಸೇತುವೆ ಕಟ್ಟಿದ್ದವು.

ಬ್ಯಾಟರಿಯ ಬೆಳಕನ್ನು ನಾನು ಅವರ ಅಂಗೈಯಿಂದ ಆಚೆ ತಿರುಗಿಸಿಬಿಟ್ಟೆ. ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ಜೀವಮಾನವಿಡೀ ಎಲ್ಲರನ್ನೂ ಎಲ್ಲವನ್ನೂ ಕೇಳಿದ ಮನುಷ್ಯ ಅವತ್ತು ಕೇಳಲಿಲ್ಲ.

ಬೋರ್ಡನ್ನು ಸ್ಪಿರಿಟಿನಲ್ಲಿ ತೊಳೆದು, ಬಲ್ಬಿನ ಬಿಸಿಗೆ ಒಣಗಿಸಿ, ಹೊಸ ಫ್ಯೂಸು ಹಾಕಿದರು. ಪರದೆಯಲ್ಲಿ ಮೊದಲು ಮಂಜಿನಂತೆ, ಆಮೇಲೆ ಸ್ಪಷ್ಟವಾಗಿ ಹಸಿರು ಅಕ್ಷರ ಮೂಡಿತು. ಧಣಿಗಳು ಓಡಿ ಬಂದರು, ಹಿಂದಿನಿಂದ ಭಾವನವರು. ಗೌಡ್ರು ಮೊಗ್ಗುಗಳನ್ನು ಎಸೆದುಬಿಡಬಹುದಿತ್ತು, ಥಂಡಿ ಎಂದು ಹೇಳಿಬಿಡಬಹುದಿತ್ತು. ಆದರೆ ಕಾರಣ ತೋರಿಸದೆ ಹೋದರೆ ಭಾವನವರ ಮಾತು ಹಾಗೆಯೇ ಉಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಅಂಗೈ ಚಾಚಿದರು.

‘ಹಿಂಗಾರ. ನಾನು ಇಟ್ಟದ್ದು.’

‘ನೀವಾ?’ ಧಣಿಗಳ ಧ್ವನಿ ಏರಿತು. ‘ಇಡ್ಲಿಕ್ಕಿಲ್ಲ ಅಂತ ಹೇಳಿದ್ದೇ ನೀವಲ್ವಾ ಮಾರಾಯ್ರೆ!’

‘ಹೌದು. ಹೇಳಿದ್ದೂ ನಾನೇ, ಇಟ್ಟದ್ದೂ ನಾನೇ. ಮನೆಗೆ ಹೊರಡುವಾಗ ಬೋಳು ಕಂಡಿತು, ಒಂದು ಹಿಡಿ ಇಟ್ಟೆ. ತಪ್ಪಾಯಿತು.’

ಬೋಳು ಕಂಡಿತು! ಅದು ನನ್ನ ಮನಸ್ಸಿನ ಮಾತು. ಅವರಿಗೆ ಹೇಗೆ ಗೊತ್ತಾಯಿತೋ. ‘ಅಲ್ಲ, ನಾನು’ ಎಂದು ಹೇಳಲು ನನಗೆ ಒಂದು ಕ್ಷಣ ಸಾಕಿತ್ತು. ಬ್ಯಾಟರಿ ಹಿಡಿದುಕೊಂಡು ಸುಮ್ಮನೆ ನಿಂತೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಧಣಿಗಳು ಅವರನ್ನು ತೆಗೆದುಹಾಕಲಿಲ್ಲ. ಆದರೆ ಅಂದಿನಿಂದ ಗೌಡ್ರು ಏನು ಮುಟ್ಟಿದರೂ ಭಾವನವರು ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದರು. ‘ಸರಿ ನೋಡಿದ್ದೀರಾ ಗೌಡ್ರೇ? ಒಳಗೆ ಎಂತ ಬಿಟ್ಟಿಲ್ಲ ಅಲ್ವಾ?’ ಅವರು ಮುಗಿಸಿದ ಕೆಲಸವನ್ನು ಇನ್ನೊಬ್ಬರನ್ನು ಕರೆಸಿ ನೋಡಿಸುತ್ತಿದ್ದರು. ಲೋಕವನ್ನೇ ಪರೀಕ್ಷೆ ಮಾಡುತ್ತಿದ್ದವರನ್ನು ಈಗ ಲೋಕ ಪರೀಕ್ಷೆ ಮಾಡುತ್ತಿತ್ತು. ನೋಡಲಿ ಎಂದು ಗೌಡ್ರು ಬದಿಗೆ ಸರಿದು ನಿಲ್ಲುತ್ತಿದ್ದರು, ಎಡಗೈ ಹಿಂದೆ.

ನಾನು ಏನು ಮಾಡಿದೆ? ಅವರ ಮೇಲೆಯೇ ಸಂಶಯಪಟ್ಟೆ! ಇದಕ್ಕೆ ಬದಲಾಗಿ ಇವರು ನನ್ನಿಂದ ಏನು ಕೇಳುತ್ತಾರೆ, ಯಾವಾಗ ಕೇಳುತ್ತಾರೆ ಎಂದು ತಿಂಗಳುಗಟ್ಟಲೆ ಕಾದೆ. ಒಳ್ಳೆಯತನವನ್ನು ತಿರುವಿ ಹಾಕಿ ಅಡಿ ನೋಡುವ ಬುದ್ಧಿ ನನಗೆ ಯಾರಿಂದ ಬಂತೋ, ಅವರಿಂದ ಅಲ್ಲ. ಅವರು ಏನೂ ಕೇಳಲಿಲ್ಲ. ಎಂದಿನಂತೆ ನಾನು ಹಾಕಿದ ಎಣ್ಣೆಗೆ ಬೆರಳಿಟ್ಟು ನೋಡುತ್ತಿದ್ದರು, ಅಷ್ಟೆ.

ಮರುವರ್ಷದ ಮಳೆಗಾಲಕ್ಕೆ ಮೊದಲು ಕೆಲಸ ಬಿಟ್ಟರು. ಊರಿನಲ್ಲಿ ಪಂಪಿನ ಮೋಟಾರು ರಿಪೇರಿ ಮಾಡಿಕೊಂಡು ಇರುತ್ತೇನೆ ಎಂದರು. ಅವರ ಪೆಟ್ಟಿಗೆ ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಹೋದವನು ನಾನು. ಅಲ್ಲಿ ಧೈರ್ಯ ಮಾಡಿ ಕೇಳಿದೆ.

‘ನೀವು ಯಾಕೆ ಹಾಗೆ ಹೇಳಿದ್ದು?’

ಅವರು ಬಸ್ಸಿನ ಬೋರ್ಡನ್ನೇ ನೋಡುತ್ತಿದ್ದರು. ‘ನನ್ನ ಹೆಸರು ಹೇಳಿದರೆ ಅದು ತಪ್ಪು ಅಂತ ಆಗ್ತದೆ, ಅಲ್ಲಿಗೆ ಮುಗೀತು. ನಿನ್ನ ಹೆಸರು ಹೇಳಿದರೆ ಅದು ತಪ್ಪು ಅಂತ ಆಗುದಿಲ್ಲ. ಬೇರೆ ಎಂತದೋ ಆಗ್ತದೆ.’

‘ಆದರೆ ನೀವು ಸುಳ್ಳು...’

‘ಸಂಶಯ ಮಾಡುದು ತಪ್ಪಲ್ಲ ಮಾರಾಯ. ಮಾಡಿದರೆ ಎಲ್ಲರ ಮೇಲೂ ಮಾಡಬೇಕು. ಅವರು ಒಬ್ಬನ ಮೇಲೆ ಮಾತ್ರ ಮಾಡಿದರು. ನನಗೆ ಅದು ಸರಿ ಕಾಣಲಿಲ್ಲ.’ ಇಷ್ಟು ಹೇಳಿ ಕಂಡಕ್ಟರನ ಕಡೆ ಹೋದರು. ‘ಇದು ಸುಳ್ಯಕ್ಕೆ ಹೋಗ್ತದಾ?’

ಆಮೇಲಿನ ಹತ್ತು ವರ್ಷಗಳಲ್ಲಿ ಅವರನ್ನು ನೋಡಿದ್ದು ಎರಡೇ ಸಲ. ಮೆಷಿನು ಈಗಲೂ ಓಡುತ್ತಿದೆ, ನಡೆಸುವವನು ಈಗಲೂ ನಾನೇ. ಧಣಿಗಳಿಗೆ ನಿಜ ಹೇಳಿಲ್ಲ. ಇದನ್ನು ಅವರೂ ಓದಿಯಾರು, ಓದಲಿ. ಗೌಡ್ರ ಹೆಸರು ಬರೆದರೆ ‘ಆ ಹಿಂಗಾರದ ಗೌಡ್ರಾ?’ ಎಂದು ಜನ ಮತ್ತೆ ಅವರನ್ನೇ ನೆನೆದಾರು. ಅದಕ್ಕೇ ಬರೆಯಲಿಲ್ಲ.

ಉತ್ತರಕ್ರಿಯೆಗೆ ಆಲೆಟ್ಟಿಗೆ ಹೋಗಿದ್ದೆ. ಚಾವಡಿಯಲ್ಲಿ ಅವರ ಫೋಟೋ ಇಟ್ಟಿದ್ದರು. ಪಟ್ಟಾಳದ ಕಾಲದ್ದು, ಅದರಲ್ಲೂ ಎಡಗೈ ಕಾಣುವುದಿಲ್ಲ. ಊಟವಾಗಿ ಕೈ ತೊಳೆಯುವಲ್ಲಿ ಅವರ ಮಗಳು ನೀರು ಕೊಟ್ಟಳು. ಇಪ್ಪತ್ತೆರಡರ ಆಸುಪಾಸು, ಟೀಚರು ಕೆಲಸಕ್ಕೆ ಕಲಿಯುತ್ತಿದ್ದಾಳಂತೆ. ನಾನು ಪುತ್ತೂರಿನ ಶಾಪಿನವನು ಎಂದು ಗೊತ್ತಾದೊಡನೆ ಮುಖ ಸಣ್ಣ ಮಾಡಿದಳು.

‘ಅಪ್ಪ ಅಲ್ಲಿ ಹಿಂಗಾರ ಇಟ್ಟು ದೊಡ್ಡ ಮೆಷಿನು ಹಾಳು ಮಾಡಿದ್ದಲ್ವಾ? ಅವರೇ ಹೇಳ್ತಿದ್ದರು. ಮತ್ತೆ ನಮ್ಮ ರೇಡಿಯೋದ ಮೇಲೂ ಒಂದು ಹೂ ಇಡ್ಲಿಕ್ಕೆ ಬಿಡ್ಲಿಲ್ಲ. ಅಲ್ಲಿಂದ ಬಂದ ಮೇಲೆ ಸ್ವಲ್ಪ ಸಪ್ಪಗಾಗಿದ್ದರು.’

ಹೆಂಡತಿ ಮಕ್ಕಳ ಹತ್ತಿರವೂ ನಿಜ ಹೇಳಿರಲಿಲ್ಲ, ಪುಣ್ಯಾತ್ಮ.

‘ಅದು ನಿಮ್ಮ ಅಪ್ಪ ಇಟ್ಟದ್ದಲ್ಲ,’ ಎಂದೆ.

ಅವಳು ಚೆಂಬನ್ನು ಕೆಳಗಿಟ್ಟಳು. ನೆಟ್ಟಗೆ ನನ್ನ ಕಣ್ಣು ನೋಡಿದಳು. ಆ ನೋಟ ನನಗೆ ಪರಿಚಯದ್ದೇ.

‘ನೀವು ಕಂಡದ್ದಾ, ಕೇಳಿದ್ದಾ?’

‘ಎರಡೂ ಅಲ್ಲ,’ ಎಂದೆ. ‘ಇಟ್ಟದ್ದು ನಾನು.’

ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಒಳಗೆ ಹೋಗಿ ತಾಯಿಯನ್ನು ಕೈಹಿಡಿದು ಕರೆದುಕೊಂಡು ಬಂದಳು. ‘ಈಗ ಹೇಳಿದ್ದನ್ನು ಅಮ್ಮನ ಎದುರು ಇನ್ನೊಮ್ಮೆ ಹೇಳಿ,’ ಎಂದಳು. ನಾನು ಮೊದಲಿನಿಂದ ಹೇಳತೊಡಗಿದೆ.